ಅಡಿಕೆ ಕಳ್ಳ, ಅಪ್ಪನ ಕೋವಿ ಮತ್ತು ನೀನು

ತೀರ್ಥಹಳ್ಳಿ

ಚಿ. ಪುಟ್ಟಣ್ಣನಿಗೆ,

ನಿಮ್ಮ ಮನೆಯ ಕ್ಷೇಮದ್ದೇ ಈಗ ನನಗೆ ಯೋಚನೆ. ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯಲ್ಲಿ ಎರಡು ಮೂಟೆಯಷ್ಟು ರಾತ್ರಿ ಕಳವಾಯಿತು ಎಂದು ನಿನ್ನ ಅಮ್ಮ ಫೋನ್ ಮಾಡಿ ಹೇಳಿದಳು. ಅದರ ಹಿಂದೆಯೇ ಇನ್ನೊಂದು ಮಾತನ್ನೂ ಹೇಳಿದಳು: ನೀನು ಅಪ್ಪನ ಜೋಡುನಳಿಗೆ ಕೋವಿಯನ್ನು ಹೊರಗೆ ತೆಗೆದು, ಎಣ್ಣೆ ಹಾಕಿ ಒರೆಸಿ, ತೋಟಾ ತುಂಬಿಕೊಂಡು ರಾತ್ರಿಯೆಲ್ಲ ಜಗಲಿಯಲ್ಲಿ ಕೂರುತ್ತಿದ್ದೀಯಂತೆ. ಈ ವಿಷಯವನ್ನು ಫೋನಿನಲ್ಲಿ ಮಾತಾಡಿದರೆ ಅರ್ಧ ಹೇಳಿ ಅರ್ಧ ಬಿಟ್ಟಂತಾಗುತ್ತದೆ. ಅದಕ್ಕೇ ಪತ್ರ. ಪೂರ್ತಿ ಓದು. ಓದಿದ ಮೇಲೆ ಸೊಸೆಗೂ ಕೊಡು.

ನಿನ್ನ ಸಿಟ್ಟು ನ್ಯಾಯವಾದದ್ದು. ಮಳೆಗಾಲದಲ್ಲಿ ಬೋರ್ಡೋ ಹೊಡೆಸಿ ಕೊಳೆರೋಗದಿಂದ ಉಳಿಸಿಕೊಂಡ ಫಸಲು ಅದು. ಎಲೆಚುಕ್ಕಿ ರೋಗ ಬಂದು ಅರ್ಧ ತೋಟ ಸೊರಗಿದ ವರ್ಷದಲ್ಲಿ ಕೈಗೆ ಬಂದದ್ದು. ಕೊನೆ ತೆಗೆಯುವವರು ಸಿಗದೆ ಅಲೆದಾಡಿ, ಸುಲಿಸಿ, ಬೇಯಿಸಿ, ಚೊಗರು ಹಾಕಿ, ಮೋಡ ಕಂಡಾಗಲೆಲ್ಲ ಓಡಿಹೋಗಿ ಮುಚ್ಚಿ ಒಣಗಿಸಿದ್ದು. ಈಚಿನ ವರ್ಷಗಳಲ್ಲಿ ರಾಶಿ ಅಡಿಕೆಗೆ ಒಳ್ಳೆಯ ಧಾರಣೆ ಬಂದಿದೆ. ಒಂದು ಮೂಟೆ ಎಂದರೆ ಒಬ್ಬ ಆಳಿನ ತಿಂಗಳುಗಟ್ಟಲೆಯ ಕೂಲಿ. ಎರಡು ಮೂಟೆ ಬೈಕಿನ ಮೇಲೆ ಕೂರುತ್ತದೆ, ಬೆಳಗಾಗುವುದರೊಳಗೆ ಬೇರೆ ತಾಲ್ಲೂಕು ಸೇರುತ್ತದೆ, ಬೇರೆಯವರ ರಾಶಿಯೊಳಗೆ ಸೇರಿದ ಮೇಲೆ ಇದು ನಮ್ಮದು ಎಂದು ಹೇಳಲು ಗುರುತೇ ಇರುವುದಿಲ್ಲ. ಕಾಳುಮೆಣಸಿನದೂ ಇದೇ ಕಥೆ, ಸಕಲೇಶಪುರ, ಚಿಕ್ಕಮಗಳೂರು ಕಡೆಯ ಕಾಫಿ ಕಣದ್ದೂ ಇದೇ ಕಥೆ. ಧಾರಣೆ ಏರಿದ ವರ್ಷ ಬೆಳೆಗಾರನಿಗೆ ನಿದ್ದೆ ಕಡಿಮೆ. ಇದೆಲ್ಲ ನನಗೆ ಗೊತ್ತಿದೆ.

ಆದರೆ ಬದುಕಿನ ಬಹುಭಾಗವನ್ನು ತಾಲ್ಲೂಕು ಕೋರ್ಟಿನಲ್ಲಿ ಕಳೆದವನು ನಾನು. ತೋಟದ ಬೇಲಿಯಲ್ಲಿ ಹುಟ್ಟಿದ ಸಿಟ್ಟು ಎಷ್ಟು ಮನೆಗಳ ದೀಪ ಆರಿಸಿದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಅದರಿಂದ ನಾನು ತಿಳಿದುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಕೋವಿ ಇರುವುದು ಪ್ರಾಣ ಕಾಯುವುದಕ್ಕೆ. ಅಡಿಕೆ ಕಾಯುವ ಕೆಲಸ ಹಗಲಿನದು, ಅದನ್ನು ಹಗಲಿನಲ್ಲೇ ಮುಗಿಸಬೇಕು. ರಾತ್ರಿ ಕೋವಿ ಹಿಡಿದು ಅಡಿಕೆ ಕಾಯಲು ಹೊರಟವನು ಅಡಿಕೆಯ ಜೊತೆಗೆ ಇನ್ನೂ ಬೆಲೆಬಾಳುವುದನ್ನು ಪಣಕ್ಕಿಡುತ್ತಾನೆ.

ಮೊದಲು ಕೋವಿಯ ವಿಚಾರ. ಅದು ನಿನ್ನ ಅಪ್ಪನ ಹೆಸರಿನಲ್ಲಿದ್ದ ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ. ಅಪ್ಪ ತೀರಿಕೊಂಡ ಮೇಲೆ ಜಮೀನು ಪೌತಿ ಖಾತೆಯಾಗಿ ನಿನ್ನ ಹೆಸರಿಗೆ ಬಂತು, ಕೋವಿ ಹಾಗೆ ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ವ್ಯಕ್ತಿಗೆ ಸೇರಿದ್ದು. ಅವನು ಇಲ್ಲವಾದ ಮೇಲೆ ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸ್ ಪಡೆದ ಕೋವಿ ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು, ವಾರಸುದಾರನಾಗಿ ನೀನು ಹೊಸದಾಗಿ ಅರ್ಜಿ ಹಾಕಬೇಕು. ಅಲ್ಲಿಯವರೆಗೆ ಅದನ್ನು ಕೈಯಲ್ಲಿ ಹಿಡಿದು ಕೂರುವುದೇ ಅಪರಾಧ. ಕಳ್ಳ ಅಂಗಳಕ್ಕೆ ಕಾಲಿಡುವ ಮೊದಲೇ ನೀನು ಕಾನೂನಿನ ಆಚೆ ದಡದಲ್ಲಿ ನಿಂತಿರುತ್ತೀಯ. ಲೈಸೆನ್ಸ್ ಬಂದ ಮೇಲೂ ಕೋವಿ ಬೀಗದೊಳಗೆ ಇರಬೇಕು, ತೋಟಾ ಬೇರೆ ಕಡೆ ಇರಬೇಕು. ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ ಎಂಬುದನ್ನು ನಾನು ನಿನಗೆ ನೆನಪಿಸಬೇಕಾಗಿಲ್ಲ.

ಮಡಿಕೇರಿಯ ನಿನ್ನ ಸ್ನೇಹಿತ ತಮಗೆ ಲೈಸೆನ್ಸೇ ಬೇಡ ಎಂದು ಹೇಳಿದನಂತೆ. ಅವನು ಹೇಳಿದ್ದು ನಿಜ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಆ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡುವ ಜನ ಅವರು, ಅದನ್ನು ಹೇಗೆ ಗೌರವಿಸಬೇಕೆಂದು ತಲೆಮಾರುಗಳಿಂದ ಬಲ್ಲವರು. ಆದರೆ ಆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ. ಮನುಷ್ಯನ ಮೇಲೆ ಹಾರಿಸಿದರೆ ಕೊಡಗಿನವನಿಗೂ ತೀರ್ಥಹಳ್ಳಿಯವನಿಗೂ ಕಾನೂನು ಒಂದೇ.

ಆ ಕಾನೂನು ಏನು ಹೇಳುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೋ. ಊರ ಕಟ್ಟೆಯಲ್ಲಿ ಎರಡು ಮಾತು ಓಡಾಡುತ್ತವೆ. ನಮ್ಮ ಜಾಗಕ್ಕೆ ಬಂದವನನ್ನು ಏನು ಮಾಡಿದರೂ ಕೇಳುವವರಿಲ್ಲ ಎಂಬುದು ಒಂದು. ಕಳ್ಳನನ್ನು ಮುಟ್ಟಿದರೂ ನಮಗೇ ಜೈಲು ಎಂಬುದು ಇನ್ನೊಂದು. ಎರಡೂ ಸುಳ್ಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ನೇ ಕಲಮಿನವರೆಗೆ ಆತ್ಮರಕ್ಷಣೆಯ ಹಕ್ಕಿನ ವಿವರ ಇದೆ. ಹಳೆಯ ದಂಡಸಂಹಿತೆಯಲ್ಲಿ 96ರಿಂದ 106ರವರೆಗೆ ಇದ್ದದ್ದೇ ಇದು. ನಿನ್ನ ದೇಹವನ್ನು, ಬೇರೆಯವರ ದೇಹವನ್ನು, ನಿನ್ನ ಸೊತ್ತನ್ನು, ಬೇರೆಯವರ ಸೊತ್ತನ್ನು ರಕ್ಷಿಸಿಕೊಳ್ಳುವ ಹಕ್ಕನ್ನು ಅದು ಕೊಡುತ್ತದೆ. ಮಚ್ಚು ಎತ್ತಿ ಮೈಮೇಲೆ ಬಂದವನನ್ನು ಎದುರಿಸುವಾಗ ಅವನ ಸಾವು ಸಂಭವಿಸಿದರೂ 38ನೇ ಕಲಮು ನಿನ್ನ ಬೆನ್ನಿಗಿದೆ. ದರೋಡೆ, ರಾತ್ರಿ ವೇಳೆ ಕನ್ನ ಹಾಕಿ ಒಳನುಗ್ಗುವುದು, ವಾಸದ ಮನೆಗೋ ಸರಕು ಇಟ್ಟ ಕಟ್ಟಡಕ್ಕೋ ಬೆಂಕಿ ಇಡುವುದು, ಸಾವು ಅಥವಾ ಭಾರೀ ಗಾಯ ಆದೀತೆಂಬ ನ್ಯಾಯವಾದ ಭಯ ಹುಟ್ಟಿಸುವಂಥ ಕಳವು, ಇಷ್ಟರಲ್ಲಿ 41ನೇ ಕಲಮು ಸೊತ್ತಿನ ರಕ್ಷಣೆಗೂ ಅಷ್ಟು ದೂರ ಹೋಗಲು ಬಿಡುತ್ತದೆ.

ನಿನ್ನ ಅಂಗಳದಲ್ಲಿ ಆದದ್ದು ಇದ್ಯಾವುದೂ ಅಲ್ಲ. ಬಯಲಲ್ಲಿ ಹರವಿದ್ದ ಅಡಿಕೆಯನ್ನು ಸದ್ದಿಲ್ಲದೆ ತುಂಬಿಕೊಂಡು ಹೋದದ್ದು ಬರಿಯ ಕಳವು. ಅಂಥ ಕಳವನ್ನು ತಡೆಯುವಾಗ ಕಳ್ಳನಿಗೆ ಪೆಟ್ಟಾದರೆ ಕಾನೂನು ಒಪ್ಪುತ್ತದೆ, ಅವನ ಜೀವ ತೆಗೆಯುವುದನ್ನು ಒಪ್ಪುವುದಿಲ್ಲ. ಎಲ್ಲ ಸಂದರ್ಭಗಳ ಮೇಲೂ 37ನೇ ಕಲಮಿನ ಅಂಕೆ ಇದೆ: ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕೇ ಇಲ್ಲ. ಕಳ್ಳರು ಮತ್ತೆ ಬರುತ್ತಾರೆಂದು ಗೊತ್ತಿದ್ದೂ ಠಾಣೆಗೆ ಹೋಗದೆ, ಕೋವಿ ತುಂಬಿ ಕತ್ತಲಲ್ಲಿ ಹೊಂಚು ಕುಳಿತದ್ದು ಏಕೆ ಎಂದು ಸರ್ಕಾರಿ ವಕೀಲರು ಕೇಳಿದರೆ ನೀನು ಏನು ಹೇಳುತ್ತೀಯ?

ಸುಪ್ರೀಂ ಕೋರ್ಟಿನ ಎರಡು ಪ್ರಕರಣ ಹೇಳುತ್ತೇನೆ. ಎರಡೂ ಆಗಿನ ಪಂಜಾಬ್ ರಾಜ್ಯದ ಹೊಲಗಳಲ್ಲಿ ನಡೆದದ್ದು, ಎರಡರಲ್ಲೂ ಬಂದೂಕು ಇತ್ತು. 1960ರ ದಶಕದ ಜೈದೇವ್ ಪ್ರಕರಣದಲ್ಲಿ ಹೊಲದ ಜಗಳ ಗುಂಡಿನವರೆಗೆ ಹೋಯಿತು. ಮೊದಲನೆಯವನು ಬಿದ್ದ ಕೂಡಲೇ ಎದುರು ಪಕ್ಷದವರು ಓಡತೊಡಗಿದರು, ಗುಂಡು ಮಾತ್ರ ನಿಲ್ಲಲಿಲ್ಲ. ಮೊದಲಿಗೆ ಹಕ್ಕು ಇತ್ತೆಂದೇ ಇಟ್ಟುಕೊಂಡರೂ ಎದುರಿನವರು ಬೆನ್ನು ತಿರುಗಿಸಿ ಓಡಿದ ಕ್ಷಣಕ್ಕೆ ಅದು ಮುಗಿಯಿತು ಎಂದು ನ್ಯಾಯಾಲಯ ಹೇಳಿತು. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ತಂದೆಯ ಮೇಲೆ ಗಂಡಾಸವೆಂಬ ಕೊಡಲಿಯಂಥ ಆಯುಧದಿಂದ ಹಲ್ಲೆ ನಡೆಯುತ್ತಿದ್ದಾಗ ಮಗ ತನ್ನ ಲೈಸೆನ್ಸ್ ಬಂದೂಕಿನಿಂದ ಹಾರಿಸಿದ. ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಅಪಾಯ ಎದುರಿಗಿದ್ದಾಗ ಹೇಡಿಯಂತೆ ಓಡಬೇಕೆಂದು ಕಾನೂನು ಬಯಸುವುದಿಲ್ಲ, ಆ ಗಾಬರಿಯ ಗಳಿಗೆಯಲ್ಲಿ ಅಳೆದು ತೂಗಿ ಪೆಟ್ಟು ಹಾಕು ಎಂದೂ ಕೇಳುವುದಿಲ್ಲ ಎಂದಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡು. ಒಬ್ಬನ ಮುಂದೆ ಪ್ರಾಣಾಪಾಯ ಇತ್ತು, ಇನ್ನೊಬ್ಬರ ಮುಂದೆ ಓಡುವವರ ಬೆನ್ನು ಇತ್ತು.

ಹಕ್ಕಿನ ಗೆರೆ ದಾಟಿದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರು. ಅಂಗಳದ ಕಳವಿಗೆ ಮೊದಲ ಸಲ ಶಿಕ್ಷೆಯಾಗುವ ಕಳ್ಳನಿಗೆ ಹೆಚ್ಚೆಂದರೆ 3 ವರ್ಷ. ಸದುದ್ದೇಶದಿಂದಲೇ ಆತ್ಮರಕ್ಷಣೆಗೆ ಇಳಿದು ಮಿತಿ ಮೀರಿ ಅವನನ್ನು ಕೊಂದೆ ಎಂದಾದರೆ ಅದು ಕೊಲೆಯಲ್ಲದ ನರಹತ್ಯೆ. ಪ್ರಾಣ ತೆಗೆಯುವ ಉದ್ದೇಶವಿತ್ತು ಎಂದು ಸಾಬೀತಾದರೆ ಅದಕ್ಕೆ ಕನಿಷ್ಠ 5 ವರ್ಷ, ಜೀವಾವಧಿಯವರೆಗೂ ಹೋಗಬಹುದು. ಓಡುವವನ ಬೆನ್ನಿಗೆ ಹೊಡೆದರೆ ಆ ರಿಯಾಯಿತಿಯೂ ಸಿಗದೆ ಕೊಲೆಯೇ ಆದೀತು. ಆತ್ಮರಕ್ಷಣೆಗೆ ಮಾಡಿದೆ ಎಂದು ತೋರಿಸುವ ಹೊಣೆಯೂ ನಿನ್ನದೇ.

ಇನ್ನು ಕತ್ತಲೆಯ ವಿಚಾರ. ನಮ್ಮ ತೋಟಗಳಲ್ಲಿ ರಾತ್ರಿ ಓಡಾಡುವವರೆಲ್ಲ ಕಳ್ಳರಲ್ಲ. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ಮೋಟಾರು ಹಾಕಲು ಪಕ್ಕದ ತೋಟದವರು ನಮ್ಮ ಏರಿಯ ಮೇಲೇ ಹೋಗುತ್ತಾರೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಮೇಲಕ್ಕೆ ಹತ್ತಿ ಬರುವ ಮೀನು ಹಿಡಿಯಲು ಹುಡುಗರು ಬ್ಯಾಟರಿ ಹಿಡಿದು ಹಳ್ಳ ಸುತ್ತುತ್ತಾರೆ. ಕಾಡುಹಂದಿ ಓಡಿಸಲು ಬಂದವರಿರುತ್ತಾರೆ, ತಪ್ಪಿಸಿಕೊಂಡ ದನ ಹುಡುಕುವವರಿರುತ್ತಾರೆ, ಕುಡಿದು ದಾರಿ ತಪ್ಪಿದವರಿರುತ್ತಾರೆ. ಬೇಟೆಯಲ್ಲಿ ಹಂದಿಯೆಂದು ಬಗೆದು ಜೊತೆಗಾರನಿಗೇ ಈಡು ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಹೊಡೆದವರು ಕೋವಿ ಬಲ್ಲವರೇ. ಬಂದವನು ನಿಜವಾಗಿ ಕಳ್ಳನೇ ಆಗಿದ್ದರೂ ಅವನು ಅಪರಿಚಿತ ಎಂದು ಯಾಕೆ ಭಾವಿಸುತ್ತೀಯ? ಅಡಿಕೆ ಯಾವ ದಿನ ಒಣಗಿತು, ನಾಯಿ ಎಲ್ಲಿ ಮಲಗುತ್ತದೆ ಎಂಬುದು ಗೊತ್ತಿದ್ದವನು ದೂರದವನಾಗಿರುವುದು ಕಡಿಮೆ. ಬಿದ್ದವನ ಮುಖಕ್ಕೆ ಬೆಳಕು ಹಾಯಿಸಿದಾಗ ಅದು ನಿಮ್ಮ ಮನೆಯಲ್ಲಿ ಊಟ ಮಾಡಿದ ಹುಡುಗನದಾಗಿದ್ದರೆ, ಆ ಮೇಲೆ ಆ ಊರಲ್ಲಿ ನೀನು ಹೇಗೆ ಬದುಕುತ್ತೀಯ, ಮಗಾ?

ಹೆದರಿಸಲು ಗಾಳಿಯಲ್ಲಿ ಹಾರಿಸುತ್ತೇನೆ, ಬೇಕಾದರೆ ಕಾಲಿಗೆ ಹೊಡೆಯುತ್ತೇನೆ ಎಂದು ನೀನು ಅಮ್ಮನಿಗೆ ಹೇಳಿದೆಯಂತೆ. ಚರೆಯ ತೋಟಾ ನಳಿಗೆಯಿಂದ ಹೊರಬಿದ್ದ ಮೇಲೆ ಹರಡುತ್ತಲೇ ಹೋಗುತ್ತದೆ. ಮೂವತ್ತು ನಲವತ್ತು ಗಜ ದೂರಕ್ಕೆ ಸುಮಾರು ಒಂದು ಗಜದಗಲ ಆಗಿರುತ್ತದೆ. ಕತ್ತಲಲ್ಲಿ, ನಡುಗುವ ಕೈಯಲ್ಲಿ, ಓಡುವವನ ಕಾಲನ್ನೇ ಆರಿಸಿ ಹೊಡೆಯುತ್ತೇನೆಂಬುದು ಆಗದ ಮಾತು. ಕಾಲಿಗೇ ತಗುಲಿದರೂ ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಮನುಷ್ಯ ಹೋಗಿಬಿಡುತ್ತಾನೆ. ದೊಡ್ಡ ಆಸ್ಪತ್ರೆ ಬೇಕೆಂದರೆ ನಮಗೆ ಶಿವಮೊಗ್ಗ, ಇಲ್ಲವೇ ಘಾಟಿ ಇಳಿದು ಮಣಿಪಾಲ. ಗಾಳಿಯಲ್ಲಿ ಹಾರಿಸುವುದೂ ನಿರುಪದ್ರವಿಯಲ್ಲ. ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಹಾರಿಸಿದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಆ ಸದ್ದು ಕೇಳಿದ ಕಳ್ಳನ ಕೈಯಲ್ಲೂ ಕೋವಿ ಇದ್ದರೆ, ಮರುಕ್ಷಣ ಅವನ ನಳಿಗೆ ನಿನ್ನ ಜಗಲಿಯ ಕಡೆ ತಿರುಗುತ್ತದೆ.

ಇಂಗ್ಲೆಂಡಿನ ಒಬ್ಬ ರೈತನ ಹೆಸರು ನಿನಗೆ ಗೊತ್ತಿರಲಿ: ಟೋನಿ ಮಾರ್ಟಿನ್. ನಾರ್ಫೋಕ್ ಪ್ರಾಂತ್ಯದ ಒಂಟಿ ಮನೆಯಲ್ಲಿ ಒಬ್ಬನೇ ಇದ್ದವನು. ಹಲವು ಸಲ ಕಳವಾಗಿದೆ, ಯಾರೂ ನೆರವಿಗೆ ಬರಲಿಲ್ಲ ಎಂಬ ಕಹಿ ಅವನಲ್ಲಿ ತುಂಬಿತ್ತು. ಅವನ ಬಂದೂಕಿನ ಪರವಾನಗಿಯನ್ನು ಪೊಲೀಸರು ಮೊದಲೇ ರದ್ದು ಮಾಡಿದ್ದರು, ಆದರೂ ಬಂದೂಕು ಇಟ್ಟುಕೊಂಡಿದ್ದ. 1999ರ ಆಗಸ್ಟ್ 20ರ ರಾತ್ರಿ ಇಬ್ಬರು ಮನೆಗೆ ನುಗ್ಗಿದಾಗ ಕತ್ತಲಲ್ಲಿ ಹಾರಿಸಿದ. ಒಬ್ಬನ ಕಾಲಿಗೆ ಗಾಯವಾಯಿತು. ಇನ್ನೊಬ್ಬನ ಬೆನ್ನಿಗೆ ತಗುಲಿ ಅವನು ಸತ್ತ. ಸತ್ತವನಿಗೆ 16 ವರ್ಷ. ಮಾರ್ಟಿನ್‌ಗೆ ಮೊದಲು ಕೊಲೆಗಾಗಿ ಜೀವಾವಧಿ ಶಿಕ್ಷೆಯಾಯಿತು. 2001ರಲ್ಲಿ ಮಾನಸಿಕ ಸ್ಥಿತಿಯ ಕಾರಣಕ್ಕೆ ಅದನ್ನು ನರಹತ್ಯೆಗೆ ಇಳಿಸಿ 5 ವರ್ಷ ಮಾಡಿದರು. 2003ರಲ್ಲಿ ಹೊರಬಂದ. ಇಡೀ ದೇಶ ಅವನ ಪರ, ವಿರೋಧ ಎಂದು ಎರಡು ಭಾಗವಾಯಿತು. ವಾದ ಮಾಡಿದವರೆಲ್ಲ ತಮ್ಮ ತಮ್ಮ ಮನೆಗೆ ಹೋದರು. ಸೆರೆಮನೆಯಲ್ಲಿ ಕಳೆದ ವರ್ಷಗಳು ಮಾತ್ರ ಅವನೊಬ್ಬನವೇ ಆಗಿದ್ದವು. ನಿನ್ನನ್ನು ಇವತ್ತು ಹುರಿದುಂಬಿಸುವ ಪೇಟೆಯ ಗೆಳೆಯರೂ ನಾಳೆ ಕೋರ್ಟಿನ ತಾರೀಖಿಗೆ ನಿನ್ನ ಜೊತೆ ಬರುವುದಿಲ್ಲ.

ಇನ್ನೊಂದು ಕೆಲಸಕ್ಕೆ ಎಂದೂ ಕೈ ಹಾಕಬೇಡ. ಬೇಲಿಗೆ ನೇರ ಕರೆಂಟು ಕೊಡುವುದು, ದಾರಿಗೆ ಅಡ್ಡ ತಂತಿ ಬಿಗಿದು ಕೋವಿ ಕಟ್ಟಿಡುವುದು, ಹಂದಿಗೆಂದು ಸಿಡಿಮದ್ದು ಹುಗಿಯುವುದು, ಇವಕ್ಕೆಲ್ಲ ಕಣ್ಣಿಲ್ಲ. ಕಳ್ಳನನ್ನೂ ಹಾಲು ತರುವ ಹೆಂಗಸನ್ನೂ ಒಂದೇ ಮಾಡುತ್ತವೆ. ಸೋಲಾರ್ ಬೇಲಿ ಬೇರೆ. ಅದರ ಯಂತ್ರ ಕ್ಷಣಮಾತ್ರದ ಹೊಡೆತವನ್ನು ಬಿಟ್ಟು ಬಿಟ್ಟು ಕೊಡುತ್ತದೆ. ಮುಟ್ಟಿದವನು ಹಿಂದೆ ಸರಿಯುತ್ತಾನೆ, ಸಾಯುವುದಿಲ್ಲ. ಮನೆಯ 230 ವೋಲ್ಟ್ ಕರೆಂಟು ಹಿಡಿದವನನ್ನು ಬಿಡುವುದಿಲ್ಲ.

ಹಾಗಾದರೆ ಕೈ ಕಟ್ಟಿ ಕೂರಬೇಕೇ ಎಂದು ಕೇಳುತ್ತೀಯ. ಕೂರಬೇಡ. ಒಣಗಿದ ಅಡಿಕೆಯನ್ನು ಒಂದು ರಾತ್ರಿಯೂ ಅಂಗಳದಲ್ಲಿ ಬಿಡಬೇಡ. ಸಂಜೆಗೆ ಮೂಟೆ ಕಟ್ಟಿ ಒಳಗೆ ಸೇರಿಸು, ಚೀಲಕ್ಕೆ ಗುರುತು ಹಾಕು, ತೂಕ ಬರೆದಿಡು. ಧಾರಣೆ ಏರಲಿ ಎಂದು ಕಾಯುವುದಾದರೆ ಸಹಕಾರ ಸಂಘದ ಗೋದಾಮಿನಲ್ಲಿಟ್ಟು ಅಡಮಾನ ಸಾಲ ಪಡೆ. ಮನೆಯ ಅಟ್ಟದಲ್ಲಿ ಲಕ್ಷಾಂತರ ರೂಪಾಯಿಯ ಮಾಲು ಇಟ್ಟುಕೊಂಡು ನಿದ್ದೆಗೆಡುವುದು ಬೇಡ. ಅಂಗಳಕ್ಕೂ ರಸ್ತೆಯ ತಿರುವಿಗೂ ಜನ ಸುಳಿದರೆ ಹತ್ತುವ ದೀಪ ಹಾಕಿಸು. ಸಿಮ್ ಹಾಕುವ ಕ್ಯಾಮೆರಾ ಈಗ ಕೈಗೆಟಕುವ ಬೆಲೆಗೆ ಸಿಗುತ್ತದೆ, ವಾಹನದ ನಂಬರ್ ಪ್ಲೇಟ್ ಕಾಣುವಷ್ಟು ತಗ್ಗಿನಲ್ಲಿ ಒಂದನ್ನು ಇಡು. ಕೊಯ್ಲಿನ ತಿಂಗಳುಗಳಲ್ಲಿ ಸುತ್ತಲಿನ ಮನೆಯವರೆಲ್ಲ ಪಾಳಿ ಹಾಕಿಕೊಳ್ಳಿ. ಒಂದು ಮನೆಯ ಶಿಳ್ಳೆಗೆ ಎಲ್ಲ ಮನೆಯ ದೀಪ ಹತ್ತುವ ಕೇರಿಗೆ ಕಳ್ಳ ಎರಡನೇ ಸಲ ಬರುವುದಿಲ್ಲ. ನಿಮ್ಮ ಬೀಟ್ ಪೊಲೀಸರ ನಂಬರು ಮನೆಯವರೆಲ್ಲರ ಫೋನಿನಲ್ಲಿರಲಿ. ಹೋದ ಎರಡು ಮೂಟೆಗೂ ದೂರು ಕೊಡು. ಸಿಗಲಿಕ್ಕಿಲ್ಲವೆಂದು ಸುಮ್ಮನಾದರೆ ನಮ್ಮ ಭಾಗದಲ್ಲಿ ಕಳವೇ ಇಲ್ಲ ಎಂದು ಠಾಣೆಯ ದಾಖಲೆ ಹೇಳುತ್ತದೆ, ಗಸ್ತು ಬೇರೆ ಕಡೆ ಹೋಗುತ್ತದೆ.

ಇಷ್ಟಾದರೂ ಒಂದು ರಾತ್ರಿ ನಾಯಿ ಬೊಗಳಿ, ಅಂಗಳದಲ್ಲಿ ನೆರಳು ಕಂಡರೆ ಹೊರಗೆ ಹೋಗಬೇಡ. ಬಾಗಿಲು ಭದ್ರಪಡಿಸಿ ಅಮ್ಮ, ಸೊಸೆ, ಮಗುವನ್ನು ಒಂದೇ ಕೋಣೆಗೆ ಸೇರಿಸು. ಎಲ್ಲ ದೀಪ ಹಾಕು. 112ಕ್ಕೆ ಫೋನ್ ಮಾಡು, ಪಕ್ಕದ ಮನೆಗೆ ಮಾಡು. ಪೊಲೀಸರಿಗೆ ಹೇಳಿದ್ದೇನೆ ಎಂದು ಕೂಗಿ ಹೇಳು. ಹೆಚ್ಚಿನ ಕಳ್ಳರಿಗೆ ಬೇಕಾಗಿರುವುದು ಅಡಿಕೆ, ನಿನ್ನ ಜೊತೆ ಜಗಳವಲ್ಲ. ಓಡಲು ಅವರಿಗೆ ದಾರಿ ಬಿಡು. ಬೈಕಿನಲ್ಲಿ ಬೆನ್ನಟ್ಟಬೇಡ. ಬಣ್ಣ, ನಂಬರು, ಹೋದ ದಿಕ್ಕು ಬರೆದಿಟ್ಟುಕೋ. ಬಾಗಿಲು ಒಡೆದು ಒಳಗೇ ನುಗ್ಗಿ ಮನೆಯವರ ಮೇಲೆ ಕೈ ಮಾಡಲು ಬಂದರೆ ಆಗ ಮಾತು ಬೇರೆ. ಆ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದರಿಂದ ಎದುರಿಸು, ಹಿಂಜರಿಯಬೇಡ. ಕಾನೂನೂ ಧರ್ಮವೂ ನಿನ್ನ ಪಕ್ಕದಲ್ಲಿರುತ್ತವೆ, ನಾನೂ ಇರುತ್ತೇನೆ.

ಕಳ್ಳ ಸಿಕ್ಕಿಬಿದ್ದರೆ ಮರಕ್ಕೆ ಕಟ್ಟಿ ಹೊಡೆಯಲು ಯಾರಿಗೂ ಬಿಡಬೇಡ. ಕಣ್ಣೆದುರಿಗೆ ಗಂಭೀರ ಅಪರಾಧ ಮಾಡಿದವನನ್ನು ಹಿಡಿಯುವ ಅಧಿಕಾರ ಸಾಮಾನ್ಯ ಜನರಿಗೂ ಇದೆ. ಹಿಡಿದ ಮೇಲೆ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಎಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಹತ್ತು ಜನ ಸೇರಿ ಹಾಕುವ ಪೆಟ್ಟಿನಲ್ಲಿ ಯಾರ ಪೆಟ್ಟು ಕೊನೆಯದಾಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಹತ್ತೂ ಜನ ಆರೋಪಿಗಳಾಗುತ್ತಾರೆ. ದೇವರು ಹಾಗೆ ಮಾಡದಿರಲಿ, ಯಾರಿಗಾದರೂ ಗುಂಡು ತಗುಲಿತೆಂದರೆ ಕೋವಿ ಕೆಳಗಿಟ್ಟು ಮೊದಲು 108ಕ್ಕೆ ಫೋನ್ ಮಾಡು, ಬಟ್ಟೆ ಒತ್ತಿ ಹಿಡಿದು ರಕ್ತ ನಿಲ್ಲಿಸು. ಅವನು ಆಗ ಗಾಯಾಳು, ಅಷ್ಟೇ. ಜಾಗದಲ್ಲಿ ಏನನ್ನೂ ಕದಲಿಸಬೇಡ, ಅವನ ಪಕ್ಕದಲ್ಲಿ ಕತ್ತಿ ಇಡು ಎಂದು ಹೇಳಿಕೊಡುವವರ ಮಾತು ಕೇಳಬೇಡ. ನಡೆದದ್ದನ್ನು ನಡೆದ ಹಾಗೆ ಹೇಳು. ನಿಜವಾಗಿ ಪ್ರಾಣರಕ್ಷಣೆಗೆ ಮಾಡಿದವನನ್ನೂ ಒಂದು ಸುಳ್ಳು ಮುಳುಗಿಸುವುದನ್ನು ನಾನು ನೋಡಿದ್ದೇನೆ.

ನೀನು ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದಾಗ ಊರಿನವರು ಏನೇನೋ ಅಂದರು. ನನಗೆ ಮಾತ್ರ ಹೆಮ್ಮೆಯಾಯಿತು. ತಲೆಮಾರುಗಳ ಕೈ ಕೆಲಸ ನಿಲ್ಲದೆ ಮುಂದುವರಿಯಿತಲ್ಲ ಎಂದು ಸಮಾಧಾನವಾಯಿತು. ಆ ತೋಟಕ್ಕೆ ಇನ್ನೂ ಮೂವತ್ತು ನಲವತ್ತು ವರ್ಷ ನೀನು ಬೇಕು. ಕಳೆದ ಎರಡು ಮೂಟೆಯನ್ನು ಮುಂದಿನ ಫಸಲು ತುಂಬಿಕೊಡುತ್ತದೆ. ನಿನ್ನನ್ನು ತುಂಬಿಕೊಡುವವರು ಯಾರೂ ಇಲ್ಲ, ನೀನು ತೆಗೆದ ಜೀವವನ್ನೂ ಯಾರೂ ತುಂಬಿಕೊಡಲಾರರು. ಮನೆಯ ಯಜಮಾನನ ಧೈರ್ಯ ಎಂದರೆ ಎಲ್ಲರೂ ಬೆಳಿಗ್ಗೆ ಎದ್ದು ಒಟ್ಟಿಗೆ ಕಾಫಿ ಕುಡಿಯುವಂತೆ ನೋಡಿಕೊಳ್ಳುವುದು ಎಂದೇ ನಾನು ತಿಳಿದಿದ್ದೇನೆ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಪ್ಪನ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ತೆಗೆದಿಟ್ಟಿರು. ನಾವಿಬ್ಬರೂ ಹೋಗಿ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆದು, ಕಳವಿನ ದೂರನ್ನೂ ಕೊಟ್ಟು ಬರೋಣ. ಮಧ್ಯಾಹ್ನಕ್ಕೆ ಸುತ್ತಲಿನ ಮನೆಯವರನ್ನೆಲ್ಲ ಕರೆ, ಪಾಳಿಯ ವಿಚಾರ ಅಂದೇ ತೀರ್ಮಾನವಾಗಲಿ. ಅಲ್ಲಿಯವರೆಗೆ ತೋಟಾಗಳನ್ನು ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಸು, ರಾತ್ರಿ ಒಳಗೆ ಮಲಗು.

ಇಂತಿ ನಿನ್ನ ಪ್ರೀತಿಯ,
ದೊಡ್ಡಪ್ಪ